ಸಂಸ್ಥೆಯೊಳಗೆ ಮುಂದಾಳುಗಳನ್ನು ಬೆಳೆಸುವ ಕೋಚಿಂಗ್ ಮಾತುಕತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸ್ವಯಂಸೇವಾ ಸಂಸ್ಥೆಗಳವರು ಈ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೆಲವು ತರಬೇತಿಯ ಚಹಾ ಬಿಡುವಿನಲ್ಲಿ ಬಂದವು, ಕೆಲವು ರಾತ್ರಿ ಹತ್ತರ ಮೇಲೆ ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ, ಒಂದೆರಡು ಪತ್ರದಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಮೇಲಿಂದ ಕೆಳಗೆ ಎಲ್ಲ ಓದಲೇಬೇಕು ಅಂತೇನಿಲ್ಲ, ನಿಮಗೆ ತಾಗಿದ ಪ್ರಶ್ನೆಗೆ ನೇರ ಹೋಗಿ.

## ಶುರುವಿನ ಪ್ರಶ್ನೆಗಳು

ತಿಂಗಳ ರಿವ್ಯೂ ಮೀಟಿಂಗ್ ಮಾಡ್ತೀವಲ್ರಿ, ಮತ್ತೆ ಕೋಚಿಂಗ್ ಮಾತುಕತೆ ಅಂತ ಬೇರೆ ಯಾಕೆ?

ರಿವ್ಯೂದಲ್ಲಿ ಲೆಕ್ಕ ಕೇಳುತ್ತೀರಿ. ಎಷ್ಟು ಸಂಘದ ಸಭೆ ಆಯ್ತು, ಎಷ್ಟು ಮನೆ ಭೇಟಿ ಆಯ್ತು, ಬಿಲ್ಲು ವೋಚರು ಬಂದ್ವಾ. ಅದು ಬೇಕೇ ಬೇಕು. ಆದರೆ ಆ ಮೀಟಿಂಗಿನಲ್ಲಿ ಹತ್ತು ಜನರ ಎದುರು ಯಾವ ಸಂಯೋಜಕಿಯೂ "ನನಗೆ ಈ ಊರಿನ ಮುಖಂಡರ ಜೊತೆ ಮಾತಾಡಕ್ಕೆ ಭಯ ಆಗುತ್ತೆ" ಅಂತ ಹೇಳಲ್ಲ. ಹೇಳಿದರೂ ಮೂರು ಜನ ಸಲಹೆ ಕೊಟ್ಟು ಮುಂದಿನ ಅಜೆಂಡಾಕ್ಕೆ ಹೋಗಿಬಿಡುತ್ತಾರೆ.

ಕೋಚಿಂಗ್ ಮಾತುಕತೆ ಇಬ್ಬರ ನಡುವೆ ನಡೆಯುವಂಥದ್ದು. ಒಬ್ಬರು ಕೇಳುತ್ತಾರೆ, ಜಾಸ್ತಿ ಹೊತ್ತು ಸುಮ್ಮನಿರುತ್ತಾರೆ. ಇನ್ನೊಬ್ಬರು ತಮ್ಮ ಕೆಲಸದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಬಿಡಿಸಿ ಹೇಳುತ್ತಾರೆ, ಮುಂದೆ ಏನು ಮಾಡುತ್ತೇನೆ ಅಂತ ತಾವೇ ಠರಾಯಿಸುತ್ತಾರೆ. ಉತ್ತರ ಕೊಡುವುದು ಕೇಳುವವರ ಕೆಲಸ ಅಲ್ಲ. ಇಷ್ಟೇ ನಿಯಮ. ಪಾಲಿಸುವುದು ಮಾತ್ರ ಬಹಳ ಕಷ್ಟ.

ನಮ್ಮಲ್ಲಿ ಎಲ್ಲ ಸರ್ ಹೇಳಿದಂಗೇ ನಡೀತದ, ಚಲೋನೇ ನಡೀತದ. ಬದಲು ಯಾಕ ಮಾಡಬೇಕು?

ಸರ್ ಇರುವ ತನಕ ಚೆನ್ನಾಗಿ ನಡೆಯುತ್ತದೆ, ನಿಜ. ಈ ಭಾಗದ ಎಷ್ಟೋ ಸಂಸ್ಥೆಗಳು ಒಬ್ಬ ಗಟ್ಟಿ ಮನುಷ್ಯರ ಓಡಾಟದಿಂದಲೇ ಎದ್ದು ನಿಂತವು. ಅವರಿಗೆ ಡಿಸಿ ಆಫೀಸು ಗೊತ್ತು, ಪ್ರತಿ ಊರಿನ ಗೌಡರು ಗೊತ್ತು, ದಾನಿಗಳು ಗೊತ್ತು. ತೊಂದರೆ ಏನಂದ್ರೆ ಔರಾದಿನ ಕೇಂದ್ರಕ್ಕೆ ಎರಡು ಚಾಪೆ ಕೊಳ್ಳಬೇಕಾದರೂ ಅವರಿಗೇ ಫೋನ್ ಹೋಗುತ್ತದೆ. ಅವರು ಆಸ್ಪತ್ರೆಗೆ ಸೇರಿದ ವಾರ, ಮಗಳ ಮದುವೆಗೆ ಹೋದ ವಾರ, ಕೆಲಸ ನಿಲ್ಲುತ್ತದೆ. ಹತ್ತು ವರ್ಷದಿಂದ ಅಲ್ಲಿರುವ ಸಂಯೋಜಕರಿಗೆ ಒಂದೇ ಒಂದು ನಿರ್ಧಾರ ತಗೊಂಡು ಅಭ್ಯಾಸ ಇಲ್ಲ. ಇದನ್ನು ನಿಷ್ಠೆ ಅಂತ ಹೊಗಳುತ್ತೇವೆ. ನನ್ನ ಪ್ರಕಾರ ಅದು ಆ ಮನುಷ್ಯರಿಗೆ ಮಾಡಿದ ಅನ್ಯಾಯ.

ವರ್ಷಕ್ಕೊಮ್ಮೆ ಲೀಡರ್‌ಶಿಪ್ ಟ್ರೈನಿಂಗ್ ಕೊಡಿಸ್ತೀವಿ. ಅದು ಸಾಕಾಗಲ್ವಾ?

ಮೂರು ದಿನ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ಬಂದವರು ಒಂದು ವಾರ ಹುರುಪಿನಲ್ಲಿರುತ್ತಾರೆ. ಆಮೇಲೆ ಫೈಲು ಬೀರುವಿಗೆ ಹೋಗುತ್ತದೆ. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಅನ್ನುವ ಸಂಸ್ಥೆಯವರು 1980ರ ದಶಕದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರನ್ನು, ನೀವು ಕಲಿತದ್ದು ಎಲ್ಲಿಂದ ಅಂತ ಕೇಳಿದ್ದರು. ಅದರಿಂದಲೇ 70-20-10 ಅನ್ನುವ ಮಾತು ಬಂತು: ಹೆಚ್ಚಿನ ಪಾಲು ಕಷ್ಟದ ಕೆಲಸ ಮಾಡಿ, ಸ್ವಲ್ಪ ಪಾಲು ಬೇರೆಯವರ ಒಡನಾಟದಿಂದ, ಉಳಿದ ಚೂರು ಕ್ಲಾಸಿನಿಂದ. ಅವರವರು ನೆನಪಿನಿಂದ ಹೇಳಿದ್ದು ಅದು, ಹಾಗಾಗಿ ಅಂಕಿಯನ್ನು ತಕ್ಕಡಿಯಲ್ಲಿಟ್ಟು ತೂಗಬೇಡಿ. ಆದರೆ ಫೀಲ್ಡಿನಲ್ಲಿ ಇದ್ದವರಿಗೆ ಇದು ಸುಳ್ಳು ಅನಿಸಲ್ಲ. ಕ್ಲಾಸಿನಲ್ಲಿ ಕೇಳಿದ್ದಕ್ಕೂ ಮಾಡುತ್ತಿರುವ ಕೆಲಸಕ್ಕೂ ನಡುವೆ ಕೊಂಡಿ ಹಾಕುವವರು ಯಾರಾದರೂ ಬೇಕಲ್ವಾ, ಆ ಜಾಗ ಈ ಮಾತುಕತೆಯದು.

ಮೆಂಟರಿಂಗ್, ಕೌನ್ಸೆಲಿಂಗ್, ಕೋಚಿಂಗ್ — ಎಲ್ಲ ಒಂದೇ ಅಲ್ವಾ?

ಮೆಂಟರ್ ತಮ್ಮ ಅನುಭವ ಹೇಳುತ್ತಾರೆ: "ನಾನಾಗಿದ್ದರೆ ಮೊದಲು ಪಿಡಿಒ ಹತ್ತಿರ ಹೋಗುತ್ತಿದ್ದೆ." ಕೌನ್ಸೆಲರ್ ಮನಸ್ಸಿನ ನೋವು ನೋಡುತ್ತಾರೆ, ಅದಕ್ಕೆ ಬೇರೆಯೇ ಓದು ಬೇಕು. ಕೋಚ್ ಕೆಲಸದ ಮುಂದಿನ ಹೆಜ್ಜೆಯ ಬಗ್ಗೆ ಕೇಳುತ್ತಾರೆ. ನಮ್ಮಂಥ ಸಣ್ಣ ಸಂಸ್ಥೆಗಳಲ್ಲಿ ಒಬ್ಬರೇ ಮೆಂಟರೂ ಆಗಬೇಕು, ಕೋಚೂ ಆಗಬೇಕು. ತಪ್ಪೇನಿಲ್ಲ. ಟೋಪಿ ಬದಲಿಸುವಾಗ ಹೇಳಿಬಿಡಿ: "ಈಗ ನನ್ನ ಅನುಭವ ಹೇಳ್ತೀನಿ, ಬೇಕಾದರೆ ತಗೊಳ್ರಿ, ಬ್ಯಾಡಾದ್ರೆ ಬಿಡ್ರಿ." ಕೌನ್ಸೆಲರ್ ಮಾತ್ರ ಆಗಲು ಹೋಗಬೇಡಿ.

ಮೊದಲು ಯಾರ ಜೊತೆ ಶುರು ಮಾಡೋದು? ಎಲ್ಲರ ಜೊತೆನೂ ಮಾಡಬೇಕಾ?

ಎಲ್ಲರ ಜೊತೆ ಶುರು ಮಾಡಿದರೆ ಎರಡನೇ ತಿಂಗಳಿಗೆ ನಿಂತುಹೋಗುತ್ತದೆ. ಇಬ್ಬರು ಅಥವಾ ಮೂವರನ್ನು ಆರಿಸಿ. ಸಾಮಾನ್ಯವಾಗಿ ಮಾಡುವ ತಪ್ಪು ಅಂದ್ರೆ, ಕೆಲಸದಲ್ಲಿ ಹಿಂದೆ ಬಿದ್ದವರನ್ನು ಆರಿಸುವುದು. ಆಗ ಆಫೀಸಿನಲ್ಲೆಲ್ಲ ಇದಕ್ಕೆ ಶಿಕ್ಷೆ ಅನ್ನುವ ಹೆಸರು ಬರುತ್ತದೆ, "ಅವನನ್ನ ಕೋಚಿಂಗಿಗೆ ಹಾಕ್ಯಾರಂತ" ಅಂತ ಗುಸುಗುಸು. ಜವಾಬ್ದಾರಿ ಹೆಚ್ಚಾಗಲಿರುವವರನ್ನು ಆರಿಸಿ: ಇವತ್ತು ಒಂದು ಹೋಬಳಿ ನೋಡುವವರು, ಬರುವ ವರ್ಷ ಇಡೀ ತಾಲೂಕು ನೋಡಬೇಕಾದವರು. ಮೊದಲೇ ಕೇಳಿ, ಒಲ್ಲೆ ಅಂದರೆ ಒತ್ತಾಯ ಬೇಡ.

## ಮಾತಿಗೆ ಕೂತಾಗ

ಪುಸ್ತಕದ ಮಾತು ಬಿಡ್ರಿ. ಒಂದು ಮಾತುಕತೆ ಹೆಂಗಿರ್ತದ, ತೋರಿಸ್ರಿ.

ಸರಿ. ಶಹಾಪುರ ತಾಲೂಕಿನಲ್ಲಿ ಸಂಜೆಯ ಕಲಿಕಾ ಕೇಂದ್ರಗಳನ್ನು ನೋಡಿಕೊಳ್ಳುವ ಸಂಯೋಜಕಿ ಅಂದುಕೊಳ್ಳಿ. ನವೆಂಬರ್ ತಿಂಗಳು, ಹತ್ತಿ ಬಿಡಿಸುವ ಹೊತ್ತು. ಎದುರಿಗೆ ಸಂಸ್ಥೆಯ ಕಾರ್ಯದರ್ಶಿ.

"ಇವತ್ತು ಯಾವುದರ ಬಗ್ಗೆ ಮಾತಾಡೋಣ ಅಂತೀರಿ?"

"ಸೆಂಟರಿಗೆ ಹುಡುಗ್ಯಾರು ಬರವಲ್ರು ಸರ. ಅವ್ವಂದಿರು ಹತ್ತಿ ಬಿಡಿಸಾಕ ಹೋಗ್ತಾರ, ಇವರು ಸಣ್ಣ ತಮ್ಮ ತಂಗಿ ನೋಡ್ಕೊಂಡು ಮನ್ಯಾಗ ಉಳೀತಾರ."

"ಮಾತು ಮುಗಿಯೋ ಹೊತ್ತಿಗೆ ನಿಮ್ಮ ಕೈಯಲ್ಲಿ ಏನಿರಬೇಕು?"

"ಈ ವಾರ ಏನ್ ಮಾಡ್ಲಿ ಅನ್ನೋದು ಗೊತ್ತಾಗ್ಬೇಕ್ರಿ."

"ಎಲ್ಲ ಊರಲ್ಲೂ ಹೀಗೇನಾ?"

ಇಲ್ಲಿ ಆಕೆ ಸ್ವಲ್ಪ ಹೊತ್ತು ಸುಮ್ಮನಾದಳು. ಕಾರ್ಯದರ್ಶಿಯೂ ಸುಮ್ಮನಿದ್ದರು. "ಇಲ್ರಿ. ಒಂದೂರಾಗ ಬರ್ತಾರ. ಅಲ್ಲಿ ಟೀಚರು ಸಣ್ಣವರನ್ನೂ ಕರ್ಕೊಂಡು ಬರ್ರಿ ಅಂತ ಹೇಳ್ಯಾಳ. ನಾನೇ ಆಕಿಗೆ ಬೈದಿದ್ದೆ, ಇದೇನು ಅಂಗನವಾಡಿ ಮಾಡೀಯೇನು ಅಂತ."

"ಯಾಕೆ ಬೈದ್ರಿ" ಅಂತ ಕಾರ್ಯದರ್ಶಿ ಕೇಳಲಿಲ್ಲ. "ಆ ಊರು ನೋಡಿ ಈಗ ಏನನಿಸ್ತದೆ?" ಅಂತ ಕೇಳಿದರು.

"ಆಕಿದೇ ಖರೇ ಅದರಿ. ಉಳಿದ ಊರಾಗೂ ಹಂಗ ಮಾಡಬಹುದು. ಆದ್ರ ಚಾಪಿ ಬೇಕು, ಸಣ್ಣವ್ರಿಗೆ ಏನರ ಆಟಿಕಿ ಬೇಕು. ಆಫೀಸಿನವ್ರು ಒಪ್ಪಬೇಕಲ್ರಿ."

"ಆಫೀಸಿನವರು ಅಂದ್ರೆ ಯಾರು?"

"ನೀವೇ ಸರ."

ಈ ಜಾಗ ಬಂದಾಗ ಎಷ್ಟೋ ಜನ ನಗಾಡಿ "ಆಯ್ತು ತಗೋ, ಮಾಡು" ಅಂತಾರೆ. ಆಗ ಅನುಮತಿ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಮುಂದಿನ ಸಲ ಮತ್ತೆ ಫೋನ್ ಬರುತ್ತದೆ. ಈ ಕಾರ್ಯದರ್ಶಿ ಹೇಳಿದ್ದು ಬೇರೆ: "ಇನ್ನು ಮುಂದೆ ಒಂದು ಸೆಂಟರಿಗೆ ತಿಂಗಳಿಗೆ ₹500ರ ತನಕ ನೀವೇ ನಿರ್ಧಾರ ಮಾಡಿ, ವೋಚರ್ ಕಳಿಸಿದ್ರೆ ಸಾಕು. ಈಗ ಹೇಳಿ, ಏನು ಮಾಡ್ತೀರಿ, ಯಾವತ್ತು?" ಆಕೆ ಶುಕ್ರವಾರ ಅಂದಳು. ಮೊದಲು ಎರಡು ಊರಿನ ತಾಯಂದಿರನ್ನು ಕೂಡಿಸುವುದು, ಆಮೇಲೆ ಚಾಪೆ. ಆ ಟೀಚರಿಗೆ ಫೋನ್ ಮಾಡಿ "ನಿಂದೇ ಸರಿ ಇತ್ತವ್ವ" ಅನ್ನುವುದನ್ನೂ ಆಕೆಯೇ ಸೇರಿಸಿದಳು.

ಅದಕ್ಕೆ ಏನಾದ್ರೂ ಚೌಕಟ್ಟು ಇದೆಯಾ? ಗ್ರೋ ಮಾಡೆಲ್ ಅಂತಾರಲ್ಲ, ಅದೇನು?

ಮೇಲಿನ ಮಾತುಕತೆ ಅದೇ ದಾರಿಯಲ್ಲಿ ಹೋಗಿದೆ. ಗ್ರೋದಲ್ಲಿ ನಾಲ್ಕು ಘಟ್ಟ: ಏನು ಬೇಕು, ಈಗ ಏನಾಗುತ್ತಿದೆ, ಯಾವ ಯಾವ ದಾರಿ ಇವೆ, ಏನು ಮಾಡುತ್ತೀರಿ. ಇಂಗ್ಲೆಂಡಿನ ಜಾನ್ ವಿಟ್ಮೋರ್ 1990ರ ದಶಕದಲ್ಲಿ ಇದನ್ನು ಎಲ್ಲೆಡೆ ಪರಿಚಯಿಸಿದರು. ಅವರು ಮೊದಲು ಕಾರ್ ರೇಸ್ ಓಡಿಸುತ್ತಿದ್ದವರು. ಇದರ ಬೇರು ಕೂಡ ಆಟದ ಮೈದಾನದಲ್ಲೇ ಇದೆ. ಟೆನಿಸ್ ಕಲಿಸುತ್ತಿದ್ದ ತಿಮೋಥಿ ಗಾಲ್ವೆ 1970ರ ದಶಕದಲ್ಲೇ, ಆಟಗಾರನಿಗೆ ಸೂಚನೆ ಮೇಲೆ ಸೂಚನೆ ಕೊಡುವ ಬದಲು ಚೆಂಡಿನ ಮೇಲೆ ಅವನ ಗಮನ ಬರುವಂತೆ ಮಾಡಿದರೆ ತಾನೇ ಕಲಿಯುತ್ತಾನೆ ಅಂತ ತೋರಿಸಿದ್ದರು.

ನಮ್ಮವರು ಎಡವುವುದು ಎರಡನೇ ಘಟ್ಟದಲ್ಲಿ. ಈಗ ಏನಾಗುತ್ತಿದೆ ಅಂತ ಪೂರ್ತಿ ಕೇಳುವ ಮೊದಲೇ ದಾರಿ ಹುಡುಕಲು ಓಡುತ್ತೇವೆ. "ಎಲ್ಲ ಊರಲ್ಲೂ ಹೀಗೇನಾ?" ಅನ್ನುವ ಒಂದು ಪ್ರಶ್ನೆ ಇಲ್ಲದಿದ್ದರೆ ಆ ಟೀಚರ್ ಕತೆ ಹೊರಗೇ ಬರುತ್ತಿರಲಿಲ್ಲ.

"ಯಾಕೆ" ಅಂತ ಕೇಳಲೇಬಾರದಂತೆ, ಹೌದಾ?

ಕೇಳಬಾರದು ಅಂತಿಲ್ಲ. ಮೇಲಿನವರು "ಯಾಕೆ ಮಾಡ್ಲಿಲ್ಲ?" ಅಂದಾಗ ನಮ್ಮ ಕಿವಿಗೆ ಅದು ಬೈಗುಳದ ಥರವೇ ಬೀಳುತ್ತದೆ, ಶಾಲೆಯಿಂದ ಬಂದ ರೂಢಿ ಅದು. ತಕ್ಷಣ ನೆಪ ಹುಡುಕುತ್ತಾರೆ. "ಏನು ಅಡ್ಡ ಬಂತು?" ಅಂದರೆ ಕಾರಣ ಸಿಗುತ್ತದೆ. ಇನ್ನೊಂದು ಜಾತಿಯ ಪ್ರಶ್ನೆಯನ್ನೂ ಬಿಡಿ: "ತಾಯಂದಿರ ಸಭೆ ಕರೆದರೆ ಒಳ್ಳೇದಲ್ವಾ?" ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಇದೆ ಅಷ್ಟೇ, ಅದು ಆರ್ಡರು.

ಏನು ಕೇಳಿದ್ರೂ "ನೀವೇ ಹೇಳ್ರಿ ಸರ" ಅಂತಾರೆ. ಆಗ?

ಎಲ್ಲರಿಗೂ ಆಗುವ ಅನುಭವ. ವರ್ಷಗಟ್ಟಲೆ ಹೇಳಿಸಿಕೊಂಡವರು ಒಮ್ಮೆಗೇ ಹೇಗೆ ಬದಲಾಗಬೇಕು? ಮೇಲಾಗಿ ಅವರಿಗೆ ಅನುಮಾನ: ನಾನೊಂದು ಹೇಳಿ, ಸರ್ ಮನಸ್ಸಲ್ಲಿ ಇನ್ನೊಂದು ಇದ್ದರೆ? ಆ ಅನುಮಾನ ಸುಳ್ಳೂ ಅಲ್ಲ. ಹಿಂದೆ ಎಷ್ಟೋ ಸಲ "ನಿನ್ನ ಅಭಿಪ್ರಾಯ ಹೇಳು" ಅಂತ ಕೇಳಿ, ಕೊನೆಗೆ ಸರ್ ಅಂದುಕೊಂಡದ್ದೇ ಆಗಿರುತ್ತದೆ.

ಮೊದಲು ಸಣ್ಣ ವಿಷಯ ಹಿಡಿಯಿರಿ, ಅವರು ಏನು ಹೇಳಿದರೂ ನೀವು ನಿಜವಾಗಿ ಒಪ್ಪಬಲ್ಲಂಥದ್ದು. ಮಹಿಳಾ ದಿನಾಚರಣೆ ಯಾವ ಊರಲ್ಲಿ, ಹೊಸಬರಿಗೆ ಮೊದಲ ವಾರ ಏನು ಕೆಲಸ. ಪ್ರಶ್ನೆ ಕೇಳಿದ ಮೇಲೆ ಹತ್ತು ಸೆಕೆಂಡ್ ಬಾಯಿ ಬಿಡಬೇಡಿ. ಹತ್ತು ಸೆಕೆಂಡ್ ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತದೆ. ಚಹಾ ಕುಡಿಯಿರಿ, ಕಿಟಕಿ ನೋಡಿ, ಫೋನ್ ಮಾತ್ರ ನೋಡಬೇಡಿ. ಆಮೇಲೂ ಬರದಿದ್ದರೆ "ನಾಳೆ ನಾನು ಊರಲ್ಲಿ ಇಲ್ಲ, ಫೋನೂ ಹತ್ತಲ್ಲ, ಆಗ ಏನು ಮಾಡ್ತಿದ್ರಿ?" ಅಂತ ಕೇಳಿ ನೋಡಿ. ಅವರು ಹೇಳಿದ್ದು ಅರೆಬರೆ ಸರಿ ಅನಿಸಿದರೂ ಹಾಗೇ ನಡೆಯಲು ಬಿಡಿ. ಒಮ್ಮೆ ಅವರ ಮಾತು ನಡೆದರೆ, ಮುಂದಿನ ಸಲ ಮಾತು ತಾನೇ ಬರುತ್ತದೆ.

ಎಷ್ಟು ಹೊತ್ತು, ಎಷ್ಟು ದಿನಕ್ಕೊಮ್ಮೆ, ಎಲ್ಲಿ ಕೂಡಬೇಕು?

ಮೂವತ್ತರಿಂದ ನಲವತ್ತೈದು ನಿಮಿಷ, ಹದಿನೈದು ದಿನಕ್ಕೊಮ್ಮೆ, ಆರು ತಿಂಗಳು. ಇದು ದೊಡ್ಡ ಸಂಸ್ಥೆಗೂ ಸಣ್ಣದಕ್ಕೂ ಹೊಂದುತ್ತದೆ. ಮಾರ್ಚ್ ಕೊನೆಯಲ್ಲಿ ಇಟ್ಟುಕೊಳ್ಳಬೇಡಿ, ಲೆಕ್ಕ ಮುಗಿಸುವ ಗಲಾಟೆಯಲ್ಲಿ ಯಾರ ತಲೆಯೂ ನೆಟ್ಟಗಿರಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ ಅಂತ ಬದಲಾಗುತ್ತವೆ, ನೀವೂ ಏಳೂವರೆಗೇ ಕೂತು ಮುಗಿಸಿ. ತೊಗರಿ ರಾಶಿಯ ಹೊತ್ತಲ್ಲಿ, ಅಂದ್ರೆ ಡಿಸೆಂಬರ್–ಜನವರಿಯಲ್ಲಿ, ಸ್ವಂತ ಹೊಲ ಇರುವ ಸಿಬ್ಬಂದಿಗೆ ಅರ್ಧ ಮನಸ್ಸು ಅಲ್ಲೇ ಇರುತ್ತದೆ, ದಿನ ಅವರೇ ಹೇಳಲಿ.

ಜಾಗ ಅಂದ್ರೆ, ನಿಮ್ಮ ಮೇಜಿನ ಎದುರು ಬೇಡ. ಆ ಕುರ್ಚಿಯಲ್ಲಿ ಕೂತು ಅವರು ಎಷ್ಟು ಸಲ ಬೈಸಿಕೊಂಡಿದ್ದಾರೋ. ಆಫೀಸಿನ ಹಿಂದಿನ ಬೇವಿನ ಗಿಡದ ಕೆಳಗೆ ಕೂಡಿ, ಅಥವಾ ಅವರ ಫೀಲ್ಡಿಗೇ ನೀವು ಹೋಗಿ. ಹೆಣ್ಣುಮಕ್ಕಳ ಜೊತೆ ಗಂಡಸರು ಮಾತಾಡುವಾಗ ಎಲ್ಲರಿಗೂ ಕಾಣುವ, ಯಾರಿಗೂ ಕೇಳಿಸದ ಜಾಗ ಇರಲಿ. ಬಾಗಿಲು ಮುಚ್ಚಿದ ರೂಮು ಆಕೆಗೂ ಇರುಸುಮುರುಸು, ಊರ ಬಾಯಿಗೂ ಆಹಾರ.

ಫೋನಿನಲ್ಲಿ ಮಾಡಬಹುದಾ?

ಮೊದಲ ಎರಡು ಸಲ ಎದುರಾ ಎದುರು. ಆಮೇಲೆ ಫೋನು ನಡೆಯುತ್ತದೆ, ವಿಡಿಯೋ ಬೇಕಂತಲೇ ಇಲ್ಲ. ಆಕೆ ಬಸ್ಸಿನಲ್ಲಿದ್ದರೆ ಬೇಡ. ಪಕ್ಕದ ಸೀಟಿನವರಿಗೂ ಆ ಊರಿನ ಎಲ್ಲರೂ ಗೊತ್ತಿರುತ್ತಾರೆ.

ನಮ್ಮಲ್ಲಿ ಕನ್ನಡ, ಉರ್ದು, ಮರಾಠಿ, ಲಂಬಾಣಿ ಎಲ್ಲ ಮಾತಾಡೋರು ಇದ್ದಾರೆ. ಯಾವ ಭಾಷೆಯಲ್ಲಿ ಮಾಡೋದು?

ಯೋಚನೆ ಮಾಡುವವರ ಭಾಷೆಯಲ್ಲಿ. ಕೇಳುವವರಿಗೆ ಅರ್ಧಂಬರ್ಧ ಬಂದರೂ ಸಾಕು, ಪ್ರಶ್ನೆ ಕನ್ನಡದಲ್ಲಿ ಕೇಳಿ ಉತ್ತರ ಉರ್ದುವಿನಲ್ಲಿ ಬರಲಿ. ಭಾಲ್ಕಿ, ಬಸವಕಲ್ಯಾಣದ ಕಡೆ ಒಂದೇ ವಾಕ್ಯದಲ್ಲಿ ಮೂರು ಭಾಷೆ ಬರುತ್ತವೆ, ಯಾರಿಗೂ ತೊಂದರೆ ಆಗಿಲ್ಲ. ತೊಂದರೆ ಮಾಡುವುದು ಇಂಗ್ಲಿಷ್ ಫಾರ್ಮು. ದಾನಿ ಸಂಸ್ಥೆ ಕಳಿಸಿದ ಎರಡು ಪುಟದ ಟೆಂಪ್ಲೇಟ್ ತುಂಬುತ್ತಾ ಕೂತರೆ ಮಾತುಕತೆ ಸತ್ತುಹೋಗುತ್ತದೆ. ಕೊನೆಗೆ ಎರಡು ಸಾಲು ಸಾಕು, ಏನು ಮಾಡುತ್ತಾರೆ, ಯಾವತ್ತು. ಅದನ್ನೂ ಅವರೇ ಬರೆದುಕೊಳ್ಳಲಿ.

ನಾನು ಇಪ್ಪತ್ತೆಂಟು ವರ್ಷದವಳು. ಐವತ್ತು ದಾಟಿದ ಅಣ್ಣಾವ್ರಿಗೆ ನಾನು ಕೋಚ್ ಆಗೋದು ಹೆಂಗೆ?

ಉತ್ತರ ಕೊಡುವ ಕೆಲಸವಾಗಿದ್ದರೆ ಕಷ್ಟ ಆಗುತ್ತಿತ್ತು. ನಿಮ್ಮದು ಕೇಳುವ ಕೆಲಸ. ಹಿರಿಯರಿಗೆ ಕೇಳುವವರು ಸಿಕ್ಕರೆ ಖುಷಿಯೇ. "ಕೋಚ್" ಅಂತ ಹೇಳಿಕೊಂಡು ಹೋಗಬೇಡಿ, "ಅಣ್ಣಾ, ತಿಂಗಳಿಗೆರಡು ಸಲ ಕೂತು ನಿಮ್ಮ ತಾಲೂಕಿನ ಬಗ್ಗೆ ಮಾತಾಡೋಣ" ಅನ್ನಿ ಸಾಕು. ಹಳೆಯ ಕತೆ ಹೇಳುತ್ತಾ ಎಲ್ಲೆಲ್ಲೋ ಹೋಗುತ್ತಾರೆ, ಒಂದು ಕತೆ ಕೇಳಿ, ಎರಡನೇದು ಶುರುವಾಗುವ ಮುಂಚೆ "ಅದರಲ್ಲಿ ಈ ವಾರಕ್ಕೆ ಉಪಯೋಗ ಆಗೋದು ಯಾವುದಣ್ಣಾ?" ಅಂತ ಹಿಡಿದು ತನ್ನಿ.

## ತೊಡಕಿನ ಪ್ರಶ್ನೆಗಳು

ಸಂಬಳ ಹೆಚ್ಚಿಸೋನೂ ನಾನೇ, ಕೋಚೂ ನಾನೇ. ನಡೆಯುತ್ತಾ?

ಪೂರ್ತಿ ನಡೆಯಲ್ಲ. ಇನ್‌ಕ್ರಿಮೆಂಟ್ ಬರೆಯುವವರ ಎದುರು ಯಾರೂ ತಮ್ಮ ಕೊರತೆ ಬಿಚ್ಚಿ ಹೇಳಲ್ಲ, ಹೇಳಬೇಕು ಅಂತ ಬಯಸುವುದೂ ಅತಿಯಾಸೆ. ಆದರೂ ದಿನದ ಕೆಲಸದಲ್ಲಿ ಹೇಳುವುದು ಕಡಿಮೆ ಮಾಡಿ ಕೇಳುವುದು ಜಾಸ್ತಿ ಮಾಡಬಹುದು, ಅದರಿಂದಲೇ ಅರ್ಧ ಲಾಭ ಸಿಗುತ್ತದೆ. ಆಳದ ಮಾತಿಗೆ ಬೇರೆಯವರು ಬೇಕು. ಅಕ್ಕಪಕ್ಕದ ಎರಡು ಸಂಸ್ಥೆಗಳು ಅದಲುಬದಲು ಮಾಡಿಕೊಳ್ಳಬಹುದು: ನಿಮ್ಮ ಹಿರಿಯರು ಅವರ ಸಂಯೋಜಕರಿಗೆ, ಅವರ ಹಿರಿಯರು ನಿಮ್ಮವರಿಗೆ. ಮೂವರು ಸಂಯೋಜಕರೇ ಸೇರಿ ಒಬ್ಬರು ಮಾತಾಡಿ, ಒಬ್ಬರು ಕೇಳಿ, ಮೂರನೆಯವರು ಗಮನಿಸಿ, ಸರದಿ ಬದಲಿಸುವ ಪದ್ಧತಿಯೂ ಇದೆ. ಖರ್ಚಿಲ್ಲದ ದಾರಿ ಅದು, ನನಗೆ ಬಹಳ ಇಷ್ಟ. ಕೆಲಸ ಮೌಲ್ಯಮಾಪನದ ಮೀಟಿಂಗನ್ನೂ ಇದನ್ನೂ ಒಂದೇ ದಿನ ಮಾತ್ರ ಇಡಬೇಡಿ.

ಮಾತಾಡಿದ್ದು ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಡಬಹುದಾ?

ಕೊಡಬೇಕು, ಆದರೆ ಮಿತಿ ಹೇಳಿಯೇ ಕೊಡಬೇಕು. ಮೊದಲ ದಿನವೇ ಹೇಳಿ, ಕೆಲವು ವಿಷಯ ಬಂದರೆ ನಾನು ಸುಮ್ಮನಿರಲು ಆಗಲ್ಲ ಅಂತ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಅದೇ ಅಪರಾಧ. ಬಾಲ್ಯವಿವಾಹದ ಸುದ್ದಿ ಬಂದರೆ 1098ಕ್ಕೆ ಕರೆ ಮಾಡಿ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳ ಅಂದ್ರೆ 2013ರ ಕಾಯ್ದೆ ಇದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಸಣ್ಣ ಸಂಸ್ಥೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರಿಗೆ ಸಾಮಾನ್ಯವಾಗಿ ಮೂರು ತಿಂಗಳ ಗಡುವು ಇರುವುದರಿಂದ, "ಮುಂದಿನ ಸಲ ಮಾತಾಡೋಣ" ಅಂತ ಎಳೆಯಬೇಡಿ. ಆಕೆಗೆ ದಾರಿ ತೋರಿಸಿ, ಬೇಕಾದರೆ ಜೊತೆಗೆ ಹೋಗಿ.

ಉಳಿದದ್ದೆಲ್ಲ ಗುಟ್ಟು. ಅಧ್ಯಕ್ಷರು "ಅವನೇನಂದ?" ಅಂತ ಕೇಳಿದರೂ ಗುಟ್ಟು. ಕೂತದ್ದು ಯಾವತ್ತು, ಗುರಿ ಯಾವುದು, ಇಷ್ಟು ಮಾತ್ರ ಅವರಿಗೆ ಹೇಳಿ.

ಮಾತಾಡ್ತಾ ಅಳೋಕೆ ಶುರು ಮಾಡಿದ್ರೆ?

ಅಳಲಿ. ನೀರು ಕೊಡಿ, ಸುಮ್ಮನೆ ಕೂತಿರಿ. ಗಂಡನ ಕುಡಿತ, ಮನೆ ಸಾಲ, ಮಗುವಿನ ಜ್ವರ, ಫೀಲ್ಡಿನ ಅವಮಾನ ಎಲ್ಲ ಒಟ್ಟಿಗೇ ಬರುತ್ತವೆ. "ಇವತ್ತು ಕೆಲಸದ ಮಾತು ಬೇಡ" ಅನ್ನುವ ಹಕ್ಕು ಅವರಿಗಿರಲಿ. ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಸಾಕು ಅನ್ನುವ ಮಾತು ಬಂದರೆ ಅದು ನಿಮ್ಮ ಕೈ ಮೀರಿದ್ದು. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಒಂಟಿಯಾಗಿ ಬಿಡಬೇಡಿ.

ಯಾವಾಗ ಕೋಚಿಂಗ್ ಮಾಡಬಾರದು?

ದುಡ್ಡು ದುರುಪಯೋಗ ಆದಾಗ, ಸುಳ್ಳು ಹಾಜರಿ ಬರೆದಾಗ, ಸಮುದಾಯದವರಿಗೆ ಅವಮಾನ ಮಾಡಿದಾಗ. ಅಲ್ಲಿ "ನಿಮಗೇನನಿಸ್ತದೆ?" ಅಂತ ಕೇಳುತ್ತಾ ಕೂಡುವುದು ಕಪಟ. ನೇರವಾಗಿ ಹೇಳಿ, ನಿಯಮದಂತೆ ನಡೆಯಿರಿ. ಭೀಮೆಗೆ ನೆರೆ ಬಂದು ಜೇವರ್ಗಿ, ಅಫಜಲಪುರದ ಊರುಗಳಿಗೆ ನೀರು ನುಗ್ಗಿದಾಗಲೂ ಅಷ್ಟೇ, ಯಾರು ಎಲ್ಲಿಗೆ ಹೋಗಬೇಕು ಅಂತ ಒಬ್ಬರು ಹೇಳಬೇಕು, ಉಳಿದವರು ಓಡಬೇಕು. ಹೊಸದಾಗಿ ಸೇರಿದ, ಕೆಲಸವೇ ಗೊತ್ತಿಲ್ಲದ ಹುಡುಗನಿಗೂ ಮೊದಲು ಕಲಿಸಿ, ಆಮೇಲೆ ಕೇಳಿ.

ಸರ್ಟಿಫಿಕೇಟ್ ಇರೋ ಕೋಚನ್ನೇ ಕರೆಸಬೇಕಾ?

ಸಂಯೋಜಕರ ಮಟ್ಟಕ್ಕೆ ಬೇಡ, ಒಳಗಿನವರೇ ಕಲಿತು ಮಾಡಬಹುದು. ಕಾರ್ಯದರ್ಶಿ, ನಿರ್ದೇಶಕರ ಮಟ್ಟಕ್ಕೆ ಹೊರಗಿನವರು ಇದ್ದರೆ ಒಳ್ಳೇದು. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಮೂರು ಹಂತದ ಪ್ರಮಾಣಪತ್ರ ಕೊಡುತ್ತದೆ. ಮೊದಲನೆಯದಾದ ಎಸಿಸಿಗೆ ಕನಿಷ್ಠ 60 ಗಂಟೆ ಕಲಿಕೆ, 100 ಗಂಟೆ ಕೋಚಿಂಗ್ ಅನುಭವ ಬೇಕು. ಪಿಸಿಸಿಗೆ 125 ಮತ್ತು 500, ಎಂಸಿಸಿಗೆ 200 ಮತ್ತು 2,500. ಆ ಮೊದಲ 100 ಗಂಟೆ ಕೂಡಿಸುತ್ತಿರುವವರು ಕಡಿಮೆ ದುಡ್ಡಿಗೆ ಒಪ್ಪುವುದುಂಟು, ಕೇಳಿ ನೋಡಿ. ಆರಿಸುವಾಗ ಪ್ರಮಾಣಪತ್ರಕ್ಕಿಂತ ಮೊದಲು ಒಂದು ವಿಷಯ ನೋಡಿ: ನಿಮ್ಮವರ ಕನ್ನಡದಲ್ಲಿ, ನಿಮ್ಮವರ ಹೊತ್ತಿಗೆ ಹೊಂದಿಕೊಂಡು ಕೂಡುತ್ತಾರಾ? ಕಂಪನಿ ಮ್ಯಾನೇಜರುಗಳ ಜೊತೆ ಮಾತ್ರ ಪಳಗಿದವರಿಗೆ, ಗುರುಮಠಕಲ್ಲಿನ ಸಂಯೋಜಕಿ ವಾರಕ್ಕೆ ಮೂರು ದಿನ ಕೊನೆಯ ಬಸ್ ತಪ್ಪಿಸಿಕೊಳ್ಳುತ್ತಾಳೆ ಅನ್ನುವುದನ್ನು ಅರ್ಥ ಮಾಡಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.

ಇದಕ್ಕೆ ದುಡ್ಡು ಯಾವ ಹೆಡ್ಡಿನಲ್ಲಿ ತೋರಿಸೋದು?

ಪ್ರಸ್ತಾವನೆ ಬರೆಯುವಾಗಲೇ ಯೋಜನೆಯೊಳಗೆ ಸಿಬ್ಬಂದಿ ಸಾಮರ್ಥ್ಯ ವೃದ್ಧಿ ಅಂತ ಸಾಲು ಹಾಕಿ. ಆಮೇಲೆ ಕೇಳಿದರೆ ಸಿಗಲ್ಲ. ವಿದೇಶಿ ದೇಣಿಗೆ ಇದ್ದರೆ ಎಚ್ಚರ: ವಿದೇಶಿ ದೇಣಿಗೆಯ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ತಿದ್ದುಪಡಿ ಆದ ಮೇಲೆ ಆಡಳಿತ ಖರ್ಚಿನ ಮಿತಿ 50%ರಿಂದ 20%ಕ್ಕೆ ಇಳಿದಿದೆ. ನಿಮ್ಮ ಖರ್ಚು ಅದರಲ್ಲಿ ಸೇರುತ್ತಾ, ಯೋಜನೆಯಲ್ಲಿ ಸೇರುತ್ತಾ ಅಂತ ಆಡಿಟರ್ ಹತ್ತಿರ ಮೊದಲೇ ಬರಹದಲ್ಲಿ ತಗೊಳ್ಳಿ. ಸಿಎಸ್‌ಆರ್‌ನಲ್ಲಿ, ಅಂದ್ರೆ ಕಂಪನಿಗಳು ಸಾಮಾಜಿಕ ಹೊಣೆ ಅಂತ ಕೊಡುವ ದುಡ್ಡಿನಲ್ಲಿ, "ಆಡಳಿತಕ್ಕೆ 5% ಅಷ್ಟೇ" ಅಂತ ಕಂಪನಿಯವರು ಹೇಳಿದರೆ ತಲೆ ಅಲ್ಲಾಡಿಸಿ ಬರಬೇಡಿ. ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತ ಖರ್ಚಿನದು, ಜಾರಿ ಮಾಡುವ ಸಂಸ್ಥೆಯ ಖರ್ಚಿನದಲ್ಲ. ಮರ್ಯಾದೆಯಿಂದ, ಆದರೆ ಗಟ್ಟಿಯಾಗಿ ಹೇಳಿ.

ಉಪಯೋಗ ಆಯ್ತೋ ಇಲ್ವೋ ಅಂತ ಹೇಗೆ ಗೊತ್ತಾಗೋದು? ದಾನಿಗಳು ಅಂಕಿ ಕೇಳ್ತಾರೆ.

ತೃಪ್ತಿಯ ಫಾರ್ಮು ತುಂಬಿಸಬೇಡಿ, ಎಲ್ಲರೂ "ಬಹಳ ಚೆನ್ನಾಗಿತ್ತು" ಅಂತಲೇ ಬರೆಯುತ್ತಾರೆ. ನಿರ್ಧಾರಗಳನ್ನು ಎಣಿಸಿ. ಶುರು ಮಾಡುವ ಮುನ್ನ ಒಂದು ತಿಂಗಳು, ಯಾವ ಯಾವ ವಿಷಯಕ್ಕೆ ಮೇಲಿನವರಿಗೆ ಫೋನ್ ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆರು ತಿಂಗಳಾದ ಮೇಲೆ ಮತ್ತೆ ಬರೆಯಿರಿ. ಫೋನ್ ಕಡಿಮೆ ಆಗಿದೆಯಾ? ಬಂದ ಫೋನುಗಳು "ಏನ್ ಮಾಡ್ಲಿ?" ಅನ್ನುವುದು ಬಿಟ್ಟು "ಹಿಂಗ ಮಾಡೀನಿ, ತಿಳಿಸ್ತಿದ್ದೀನಿ" ಅಂತ ಬದಲಾಗಿವೆಯಾ? ತಾಲೂಕು ಪಂಚಾಯ್ತಿ ಸಭೆಗೆ ಈಗ ಯಾರು ಹೋಗುತ್ತಾರೆ? ಇದೆಲ್ಲ ದಾನಿಗಳಿಗೂ ಅರ್ಥ ಆಗುವ ಅಂಕಿ. ಫೋನ್ ಅಷ್ಟೇ ಇದ್ದರೆ ಮಾತುಕತೆಯನ್ನು ಬೈಯುವ ಮೊದಲು, ಅಧಿಕಾರ ಏನಾದರೂ ಕೈ ಬದಲಾಗಿದೆಯಾ ನೋಡಿ. ಬಹಳ ಸಲ ಆಗಿರಲ್ಲ. ಪ್ರಶ್ನೆ ಕೇಳಿಸಿಕೊಂಡು ಕೇಳಿಸಿಕೊಂಡು ಬೇಸತ್ತ ಜನ ಆಮೇಲೆ ಇದನ್ನೇ ನಾಟಕ ಅಂತಾರೆ, ಅವರನ್ನು ದೂರಲು ನನಗೆ ಮನಸ್ಸು ಬರಲ್ಲ.

ಬೆಳೆಸಿದ ಮೇಲೆ ಬಿಟ್ಟು ಹೋಗ್ತಾರೆ. ಯಾಕೆ ಬೆಳೆಸಬೇಕು?

ಹೋಗುತ್ತಾರೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಕ್ಕ ಮೀಸಲಾತಿ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಸರ್ಕಾರಿ ಕೆಲಸದ ಆಸೆ ಇನ್ನೂ ಗಟ್ಟಿಯಾಗಿದೆ, ಒಳ್ಳೇದೇ. ಬ್ಯಾಗಿನಲ್ಲಿ ಸಂಘದ ಪುಸ್ತಕದ ಜೊತೆ ಜಿಕೆ ಪುಸ್ತಕ ಇಲ್ಲದ ಕಾರ್ಯಕರ್ತರು ಕಡಿಮೆ. ಅದನ್ನು ಮುಚ್ಚಿಡುವಂತೆ ಮಾಡಬೇಡಿ, ಮಾತುಕತೆಯಲ್ಲೇ ಬರಲಿ. "ಇನ್ನೊಂದು ವರ್ಷ ಇದ್ದರೆ ಇಲ್ಲಿ ಏನು ಕಲಿಯಬೇಕು ಅಂತೀರಿ, ಹೋಗೋ ಮೊದಲು ಯಾರನ್ನು ತಯಾರು ಮಾಡ್ತೀರಿ?" ಅಂತ ಕೇಳಬಹುದು. ಹೋದವರು ನಾಳೆ ಪಿಡಿಒ ಆಗಿ ಕೂತರೆ, ಸಂಘದ ಹೆಣ್ಣುಮಕ್ಕಳು ಅರ್ಜಿ ಹಿಡಿದು ಬಂದಾಗ ಕುರ್ಚಿ ಕೊಡುವುದು ಅವರಿಗೆ ಗೊತ್ತಿರುತ್ತದೆ. ಬಿಟ್ಟು ಹೋಗದ ಹಾಗೆ ಮಾಡಬೇಕು ಅಂದರೆ ಕೋಚಿಂಗ್ ಸಾಕಾಗಲ್ಲ, ಸಂಬಳ ನೋಡಿ.

ನಾನೇ ಸಂಸ್ಥಾಪಕ. ಬಿಟ್ಟುಕೊಡಬೇಕು ಅಂತಿದೆ, ಕೈ ಬರ್ತಿಲ್ಲ. ನನಗೆ ಯಾರು ಕೋಚ್?

ನಿಮ್ಮ ಸಿಬ್ಬಂದಿಯಲ್ಲಿ ಯಾರೂ ಆಗಲ್ಲ, ಆಡಳಿತ ಮಂಡಳಿಯಲ್ಲಿ ನಿಮ್ಮ ನೆಂಟರೇ ತುಂಬಿದ್ದರೆ ಅವರೂ ಆಗಲ್ಲ. ಇನ್ನೊಂದು ಜಿಲ್ಲೆಯ ಸಂಸ್ಥಾಪಕರೊಬ್ಬರನ್ನು ಹಿಡಿಯಿರಿ, ಇದೇ ಕಷ್ಟ ಅವರಿಗೂ ಇರುತ್ತದೆ. ತಿಂಗಳಿಗೊಮ್ಮೆ ಒಬ್ಬರನ್ನೊಬ್ಬರು ಕೇಳಿ. ಮೊದಲ ಪ್ರಶ್ನೆ ನಾನೇ ಕೊಡುತ್ತೇನೆ: ನಿಮ್ಮ ಬಳಿ ಇರುವ ನಿರ್ಧಾರಗಳಲ್ಲಿ ನಿಜವಾಗಿ ನಿಮ್ಮಿಂದ ಮಾತ್ರ ಆಗುವಂಥದ್ದು ಎಷ್ಟು? ಪಟ್ಟಿ ಬರೆದರೆ ನಿಮಗೇ ನಗು ಬರಬಹುದು, ಪ್ರಿಂಟರ್ ಇಂಕು ಕೂಡ ಅದರಲ್ಲಿ ಇರುತ್ತದೆ.

ಪಟ್ಟಿಯಲ್ಲಿ ಸುಲಭದ್ದನ್ನು ಮೊದಲು ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಬ್ಯಾಂಕಿನ ಸಹಿಯಿಂದಲೇ ಶುರು ಮಾಡಿ ಅಂತೀನಿ. ದೊಡ್ಡ ಮೊತ್ತಕ್ಕೆ ಇಬ್ಬರ ಸಹಿ ಹಾಗೇ ಇರಲಿ, ತಾಲೂಕಿನ ದಿನದ ಖರ್ಚಿನ ಖಾತೆಗೆ ಅಲ್ಲಿನ ಸಂಯೋಜಕರು ಮತ್ತು ಲೆಕ್ಕಿಗರ ಸಹಿ ಸಾಕು ಅಂತ ಮಾಡಿ. ಎಫ್‌ಸಿಆರ್‌ಎ ಖಾತೆ ಬಿಟ್ಟು, ಸ್ಥಳೀಯ ದೇಣಿಗೆಯ ಖಾತೆಯಲ್ಲಿ ಮೊದಲು ಮಾಡಿ ನೋಡಿ. ಬ್ಯಾಂಕಿನವರು ಆಡಳಿತ ಮಂಡಳಿಯ ಠರಾವು, ಹೊಸ ಸಹಿದಾರರ ಆಧಾರ್, ಪ್ಯಾನ್, ಫೋಟೋ ಕೇಳುತ್ತಾರೆ. ಮುಂದಿನ ಸಭೆಯ ಅಜೆಂಡಾದಲ್ಲಿ ಈಗಲೇ ಹಾಕಿಸಿ.